ವಿನಾಯಿತಿ ಇತ್ತು, ಕೊಳ್ಳುವವರಿರಲಿಲ್ಲ: ಇನುಯಿಟ್ ಜನ ಮತ್ತು ಸೀಲ್ ತೊಗಲಿನ ಅರವತ್ತು ವರ್ಷ

ಕೆನಡಾದಲ್ಲಿ ಸೀಲ್ ಎಂಬ ಕಡಲ ಪ್ರಾಣಿಯ ಬೇಟೆಯ ಜಗಳ ಶುರುವಾಗಿ ಅರವತ್ತು ವರ್ಷ ದಾಟಿದೆ. ಈಗ ಹೊಸದಾಗಿ ಅದರ ಬಗ್ಗೆ ಓದಲು ಕೂತವರಿಗೆ ತಲೆ ಕೆಡುತ್ತದೆ. ಒಂದು ಕಡೆ ಮಂಜುಗಡ್ಡೆ ಮೇಲೆ ಬಿಳಿ ಮರಿಯ ಫೋಟೊ, ಪಕ್ಕದಲ್ಲಿ ರಕ್ತ. ಇನ್ನೊಂದು ಕಡೆ ಸೀಲ್ ತೊಗಲಿನ ಬೂಟು ಹಾಕಿಕೊಂಡು ಪ್ರತಿಭಟನೆಗೆ ನಿಂತ ಇನುಯಿಟ್ ಜನ, ಅಂದರೆ ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳು. ನಡುವೆ ಯುರೋಪಿನ ಕಾನೂನು, ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು, ಸಿನಿಮಾ ತಾರೆಯರು. ಇಷ್ಟೆಲ್ಲ ಓದಿದ ಮೇಲೂ ಒಂದು ಸರಳ ಪ್ರಶ್ನೆ ಹಾಗೇ ಉಳಿಯುತ್ತದೆ. ಇನುಯಿಟ್ ಜನ ಯುರೋಪಿಗೆ ಸೀಲ್ ತೊಗಲು ಮಾರಬಹುದಾ, ಇಲ್ವಾ?

ಮಾರಬಹುದು. 1983ರಲ್ಲಿ ಮೊದಲ ನಿಷೇಧ ಬಂದಾಗಲೇ ಅವರನ್ನು ಅದರಿಂದ ಹೊರಗಿಟ್ಟಿದ್ದರು. ಆದರೂ ಅವರ ವ್ಯಾಪಾರ ನೆಲಕಚ್ಚಿತು.

ಇದು ಅರ್ಥವಾಗಬೇಕಾದರೆ ಮೊದಲು ಒಂದು ಗಂಟು ಬಿಡಿಸಬೇಕು. ಕೆನಡಾದಲ್ಲಿ ಸೀಲ್ ಬೇಟೆ ಅನ್ನುವುದು ಒಂದಲ್ಲ, ಎರಡು. ಮೊದಲನೆಯದು ಅಟ್ಲಾಂಟಿಕ್ ಕರಾವಳಿಯದು. ಅಲ್ಲಿ ಹಾರ್ಪ್ ಸೀಲ್‌ಗಳು ಫೆಬ್ರವರಿ–ಮಾರ್ಚ್ ಹೊತ್ತಿಗೆ ಮಂಜಿನ ಮೇಲೆ ಬಂದು ಸಾವಿರಗಟ್ಟಲೆ ಮರಿ ಹಾಕುತ್ತವೆ. ನ್ಯೂಫೌಂಡ್‌ಲ್ಯಾಂಡ್ ಮತ್ತು ಮ್ಯಾಗ್ಡಲೀನ್ ದ್ವೀಪಗಳ ಮೀನುಗಾರರು, ಒಂದು ಕಾಲಕ್ಕೆ ನಾರ್ವೆಯ ಹಡಗುಗಳು ಕೂಡ, ಅಲ್ಲಿಗೆ ಹೋಗಿ ಕೆಲವೇ ವಾರಗಳಲ್ಲಿ ಬೇಟೆ ಮುಗಿಸುತ್ತಿದ್ದರು. ಇವರಲ್ಲಿ ಬಹುಪಾಲು ಜನ ಯುರೋಪಿನಿಂದ ಬಂದು ನೆಲೆಸಿದವರ ವಂಶದವರು. ದೊಣ್ಣೆ, ಬಿಳಿ ಮರಿ, ಟಿವಿ ಕ್ಯಾಮೆರಾ ಎಲ್ಲ ಇಲ್ಲಿನದು.

ಎರಡನೆಯದು ಉತ್ತರ ಧ್ರುವದ ಕಡೆಯ ಇನುಯಿಟ್ ಬೇಟೆ. ನ್ಯೂಫೌಂಡ್‌ಲ್ಯಾಂಡಿನ ರಾಜಧಾನಿ ಸೇಂಟ್ ಜಾನ್ಸ್‌ನಿಂದ ನುನಾವುಟ್ ಪ್ರಾಂತ್ಯದ ರಾಜಧಾನಿ ಇಕಾಲುವಿಟ್‌ಗೆ ನೇರ ಗೆರೆ ಎಳೆದರೂ ಸುಮಾರು 2000 ಕಿ.ಮೀ. ದೂರ. ಅಲ್ಲಿ ಮುಖ್ಯವಾಗಿ ಹಿಡಿಯುವುದು ರಿಂಗ್ಡ್ ಸೀಲ್. ಅದು ಬೇರೆಯೇ ಜಾತಿ, ಹಿಂಡು ಕಟ್ಟಿ ಮರಿ ಹಾಕುವುದಿಲ್ಲ. ವರ್ಷವಿಡೀ ಒಂದೊಂದಾಗಿ ಹಿಡಿಯುತ್ತಾರೆ. ಹಿಡಿದದ್ದನ್ನು ತಿನ್ನುತ್ತಾರೆ.

ಒಂದು ಬೇಟೆಯ ಫೋಟೊ ನೋಡಿ ಜಗತ್ತು ಎರಡೂ ಬೇಟೆಗಳ ಮೇಲೆ ತೀರ್ಪು ಕೊಟ್ಟಿತು.

ಸೀಲ್ ಇಲ್ಲದಿದ್ದರೆ ಏನಿತ್ತು?

ಮಾಂಸ ತಿನ್ನದ ಮನೆಯಲ್ಲಿ ಬೆಳೆದವರಿಗೆ ಮುಂದಿನ ಮಾತು ಸ್ವಲ್ಪ ಕಷ್ಟವಾಗಬಹುದು. ಆದರೆ ಆ ನೆಲ ನೋಡಿ. ಅಲ್ಲಿ ಮರ ಇಲ್ಲ. ಹೊಲ ಉಳುವ ಮಾತೇ ಇಲ್ಲ. ಚಳಿಗಾಲದಲ್ಲಿ ಸೂರ್ಯ ಕಂಡರೆ ಕಂಡ, ಇನ್ನೂ ಉತ್ತರಕ್ಕೆ ಹೋದರೆ ವಾರಗಟ್ಟಲೆ ಕಾಣುವುದೇ ಇಲ್ಲ. ಸೌದೆ ಇಲ್ಲದ ಊರಲ್ಲಿ ಒಲೆ ಹಚ್ಚುವುದು ಹೇಗೆ?

ಸೀಲ್ ಕೊಬ್ಬಿನಿಂದ. ಬಳಪದ ಕಲ್ಲನ್ನು ಅರ್ಧಚಂದ್ರದ ತಟ್ಟೆಯ ಹಾಗೆ ಕೊರೆದು, ಕೊಬ್ಬು ಜಜ್ಜಿ ಎಣ್ಣೆ ಇಳಿಸಿ, ಪಾಚಿ ಅಥವಾ ಹತ್ತಿಹುಲ್ಲಿನ ಬತ್ತಿಯನ್ನು ಅಂಚಿನುದ್ದಕ್ಕೂ ಹಾಸಿ ಹಚ್ಚುತ್ತಿದ್ದರು. ಇದರ ಹೆಸರು ಕುಲ್ಲಿಕ್. ಅಡುಗೆ, ಬೆಳಕು, ಬಿಸಿ, ಹಿಮ ಕರಗಿಸಿ ಕುಡಿಯುವ ನೀರು, ಒದ್ದೆ ಬೂಟು ಒಣಗಿಸುವುದು, ಎಲ್ಲ ಈ ಒಂದು ದೀಪದಿಂದಲೇ. ಅದನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸ. ಹೊಗೆ ಬಾರದಂತೆ, ಆರದಂತೆ ಬತ್ತಿ ಸರಿಮಾಡುತ್ತಾ ಇರಬೇಕು. ಇವತ್ತಿಗೂ ನುನಾವುಟ್‌ನಲ್ಲಿ ಸಭೆ–ಸಮಾರಂಭ ಶುರುವಾಗುವುದು ಹಿರಿಯ ಹೆಂಗಸೊಬ್ಬರು ಕುಲ್ಲಿಕ್ ಹಚ್ಚುವುದರಿಂದ.

ತೊಗಲಿನ ಕೆಲಸವೂ ಹೆಂಗಸರದೇ. ಅರ್ಧಚಂದ್ರದ ಅಲಗಿರುವ ಉಲು ಎಂಬ ಕತ್ತಿಯಿಂದ ಕೊಬ್ಬು ಹೆರೆದು, ತೊಳೆದು, ಚೌಕಟ್ಟಿಗೆ ಬಿಗಿದು ಒಣಗಿಸುತ್ತಾರೆ. ರಿಂಗ್ಡ್ ಸೀಲ್ ತೊಗಲು ಬೂಟಿನ ಮೇಲ್ಭಾಗಕ್ಕೆ. ದೊಡ್ಡದಾದ ಬಿಯರ್ಡೆಡ್ ಸೀಲಿನ ದಪ್ಪ ತೊಗಲು ಬೂಟಿನ ಅಟ್ಟೆಗೆ, ಹಗ್ಗಕ್ಕೆ, ದೋಣಿಗೆ. ಈ ಬೂಟಿಗೆ ಕಮಿಕ್ ಎನ್ನುತ್ತಾರೆ. ಅದರ ಹೊಲಿಗೆಯಲ್ಲಿ ಸೂಜಿ ತೊಗಲಿನ ಆಚೆ ಬದಿಗೆ ಹೊರಬರುವುದೇ ಇಲ್ಲ, ಅರ್ಧ ದಪ್ಪದಲ್ಲೇ ಸಾಗುತ್ತದೆ. ದಾರ ಪ್ರಾಣಿಯ ನರದ್ದು, ನೀರು ತಾಗಿದರೆ ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಹೊಲಿಗೆ ಸರಿಯಿಲ್ಲದಿದ್ದರೆ ಕಾಲು ಒದ್ದೆ, ಒದ್ದೆಯಾದರೆ ಬೆರಳು ಹೋದಂತೆ. ಗಂಡಸಿನ ಬೇಟೆ ಹೆಂಡತಿಯ ಸೂಜಿಯ ಮೇಲೆ ನಿಂತಿತ್ತು ಅಂದರೆ ಸುಮ್ನೆ ಹೊಗಳಿಕೆ ಅಲ್ಲ.

ಇನ್ನು ಬೇಟೆ. ಸಮುದ್ರ ಹೆಪ್ಪುಗಟ್ಟಿದ ಮೇಲೂ ಸೀಲ್ ಉಸಿರಾಡಬೇಕು. ಅದು ಉಗುರಿನಿಂದ ಕೆರೆದು ಕೆರೆದು ಮಂಜಿನಲ್ಲಿ ತೂತುಗಳನ್ನು ತೆರೆದಿಟ್ಟುಕೊಳ್ಳುತ್ತದೆ. ತೂತಿನ ಮೇಲೆ ಹಿಮ ಮುಚ್ಚಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ನಾಯಿ ಮೂಸಿ ಹೇಳಬೇಕು. ಆಮೇಲೆ ಬೇಟೆಗಾರ ಅದರ ಮುಂದೆ ಬಗ್ಗಿ ನಿಲ್ಲುತ್ತಾನೆ. ಹಕ್ಕಿಯ ಪುಕ್ಕದ ಎಳೆಯನ್ನೋ ತೆಳ್ಳಗಿನ ಮೂಳೆ ಕಡ್ಡಿಯನ್ನೋ ತೂತಿಗೆ ಇಳಿಬಿಟ್ಟು, ಅದು ಅಲುಗುವುದನ್ನೇ ಕಾಯುತ್ತಾನೆ. ಗಂಟೆಗಟ್ಟಲೆ. ಕಾಲು ಅಲುಗಿಸಿದರೂ ಸದ್ದು ಕೆಳಗೆ ಕೇಳುತ್ತದೆ. ಒಂದು ಸೀಲಿಗೆ ಹಲವು ತೂತುಗಳಿರುವುದರಿಂದ ಒಬ್ಬನಿಂದ ಆಗದು, ಎಷ್ಟು ತೂತೋ ಅಷ್ಟು ಜನ ಬೇಕು. ಒಬ್ಬನಿಗೆ ಸಿಕ್ಕಿದ್ದನ್ನು ಎಲ್ಲರೂ ಹಂಚಿಕೊಳ್ಳುವ ರೂಢಿಗೆ ಇದೂ ಒಂದು ಕಾರಣ. ಕೆಲವು ಕಡೆ ಯಾವ ಭಾಗ ಯಾರ ಮನೆಗೆ ಅನ್ನುವ ಲೆಕ್ಕವೂ ಇತ್ತು. ಕೊಂದ ಸೀಲಿನ ಬಾಯಿಗೆ ಸಿಹಿನೀರು ಬಿಡುವ ಪದ್ಧತಿಯೂ ಇತ್ತು. ಉಪ್ಪುನೀರಿನಲ್ಲಿದ್ದ ಜೀವಕ್ಕೆ ಬಾಯಾರಿಕೆ ಆಗಿರುತ್ತದೆ, ನೀರು ಕೊಟ್ಟರೆ ಇನ್ನೊಮ್ಮೆ ಬರುತ್ತದೆ ಎಂಬ ನಂಬಿಕೆ. ಸೀಲ್‌ಗಳು ಹುಟ್ಟಿದ್ದೇ ಕಡಲ ತಳದಲ್ಲಿರುವ ಸೆಡ್ನಾ ಎಂಬ ದೇವತೆಯ ಕತ್ತರಿಸಿದ ಬೆರಳುಗಳಿಂದ ಎಂದು ಕಥೆ. ಆಕೆ ಮುನಿದರೆ ಸೀಲ್ ಸಿಗುವುದಿಲ್ಲ.

ತೊಗಲು ದುಡ್ಡಾದ ಕಾಲ

ಆ ಮೇಲಿನ ನೂರು ವರ್ಷವನ್ನು ಬೇಗ ದಾಟೋಣ. ತಿಮಿಂಗಿಲ ಹಿಡಿಯುವ ಹಡಗುಗಳು ಬಂದವು, ಹೋದವು. ಬಂದೂಕು, ಚಹಾ, ಹಿಟ್ಟು, ಕಾಯಿಲೆ ಬಿಟ್ಟುಹೋದವು. ಆಮೇಲೆ ಬಿಳಿ ನರಿಯ ತುಪ್ಪಳಕ್ಕೆ ಬೆಲೆ ಬಂತು, ಬಿತ್ತು. ಮಿಷನರಿಗಳು, ಪೊಲೀಸರು, ಶಾಲೆ ಬಂದವು. ಎರಡನೇ ಮಹಾಯುದ್ಧದ ನಂತರ ಕೆನಡಾ ಸರ್ಕಾರಕ್ಕೆ ಉತ್ತರ ನೆನಪಾಯಿತು. 1960ರ ದಶಕ ಮುಗಿಯುವ ಹೊತ್ತಿಗೆ, ಋತುವಿಗೆ ತಕ್ಕಂತೆ ಜಾಗ ಬದಲಿಸುತ್ತಿದ್ದ ಕುಟುಂಬಗಳಲ್ಲಿ ಹೆಚ್ಚಿನವು ಮರದ ಮನೆಗಳ ಊರುಗಳಲ್ಲಿ ನೆಲೆ ನಿಂತಿದ್ದವು. ಮಕ್ಕಳಿಗೆ ಶಾಲೆ, ಮನೆ, ಭತ್ಯೆ ಎಲ್ಲ ಊರಲ್ಲಿ. ಬೇಟೆಯ ಜಾಗ ಮಾತ್ರ ಊರಿಂದ ದೂರ.

ಕಥೆಯ ಗಂಟು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಲ್ಲೋಣ. ದೂರ ಹೋಗಲು ಮೊದಲು ನಾಯಿಬಂಡಿ ಇತ್ತು. ನಾಯಿ ಸೀಲ್ ಮಾಂಸ ತಿಂದು ಓಡುತ್ತಿತ್ತು. ಅಂದರೆ ಬೇಟೆಯೇ ಬೇಟೆಯ ಖರ್ಚನ್ನು ತೂಗಿಸುತ್ತಿತ್ತು. 1950ರಿಂದ 70ರ ದಶಕದವರೆಗೆ ಆ ನಾಯಿಗಳು ಮಾಯವಾದವು. ರೋಗದಿಂದ ಕೆಲವು, ಊರಲ್ಲಿ ಬಿಡಾಡಿ ನಾಯಿ ಇರಬಾರದು ಎಂಬ ನಿಯಮದಡಿ ಗುಂಡು ಹೊಡೆದದ್ದರಿಂದ ಕೆಲವು. ಆ ನೋವು ಇನ್ನೂ ಮಾಸಿಲ್ಲ. ಬ್ಯಾಫಿನ್ ಭಾಗದ ಇನುಯಿಟ್ ಸಂಘಟನೆ 2007ರಲ್ಲಿ ಇದರ ಬಗ್ಗೆಯೇ ಒಂದು ಸತ್ಯಶೋಧನಾ ಆಯೋಗ ಮಾಡಬೇಕಾಯಿತು. ನಾಯಿಯ ಜಾಗಕ್ಕೆ ಸ್ನೋಮೊಬೈಲ್ ಬಂತು. ವೇಗ ಜಾಸ್ತಿ. ಆದರೆ ಅದಕ್ಕೆ ಪೆಟ್ರೋಲ್ ಬೇಕು, ಬಿಡಿಭಾಗ ಬೇಕು. ಎರಡೂ ದಕ್ಷಿಣದಿಂದ ಬರಬೇಕು, ಎರಡಕ್ಕೂ ಕಾಸು ಕೊಡಬೇಕು.

ಕಾಸು ಎಲ್ಲಿಂದ? ಸರಿಯಾಗಿ ಅದೇ ಹೊತ್ತಿಗೆ, 1960ರ ದಶಕದ ಆರಂಭದಲ್ಲಿ, ಸೀಲ್ ತೊಗಲನ್ನು ಕೂದಲಿನ ಸಮೇತ ಚೆನ್ನಾಗಿ ಹದ ಮಾಡುವ ಹೊಸ ವಿಧಾನ ಬಳಕೆಗೆ ಬಂತು. ಯುರೋಪಿನಲ್ಲಿ ಸೀಲ್ ಕೋಟು ಫ್ಯಾಷನ್ ಆಯಿತು. ಅದುವರೆಗೆ ಹೆಚ್ಚು ಬೆಲೆ ಇಲ್ಲದಿದ್ದ ರಿಂಗ್ಡ್ ಸೀಲ್ ತೊಗಲನ್ನು ಹಡ್ಸನ್ ಬೇ ಕಂಪನಿಯ ಅಂಗಡಿ ಒಳ್ಳೆ ಬೆಲೆಗೆ ಕೊಳ್ಳತೊಡಗಿತು. ಮಾಂಸ ಮನೆಗೆ, ತೊಗಲು ಅಂಗಡಿಗೆ, ಅಂಗಡಿಯಿಂದ ಪೆಟ್ರೋಲ್ ಮತ್ತು ಗುಂಡು, ಮತ್ತೆ ಬೇಟೆಗೆ. ಚಕ್ರ ಕೂಡಿಕೊಂಡಿತು. ಹೊರಗಿನವರು ಇದನ್ನು ತುಪ್ಪಳದ ವ್ಯಾಪಾರ ಎಂದು ಕರೆದರು. ಬೇಟೆಗಾರನಿಗೆ ಅದು ಊಟದ ಖರ್ಚು ಹುಟ್ಟಿಸುವ ದಾರಿ. ಹೇಗಿದ್ದರೂ ಸೀಲ್ ಹಿಡಿಯಲೇಬೇಕಿತ್ತು, ಮಿಕ್ಕ ತೊಗಲಿಗೆ ಬೆಲೆ ಸಿಕ್ಕಿತು ಅಷ್ಟೆ.

ಇದೇ ಕಾಲದಲ್ಲಿ ಇನುಯಿಟ್ ಕಲೆಯೂ ಹೊರಜಗತ್ತಿಗೆ ಗೊತ್ತಾಯಿತು. 1948ರಲ್ಲಿ ಜೇಮ್ಸ್ ಹ್ಯೂಸ್ಟನ್ ಎಂಬ ಚಿತ್ರಕಾರ ಇನುಕ್ಜುವಾಕ್ ಎಂಬ ಇನುಯಿಟ್ ಊರಿಗೆ ಹೋಗಿ ಅಲ್ಲಿನ ಸಣ್ಣ ಕೆತ್ತನೆಗಳನ್ನು ಕಂಡರು. ಮರುವರ್ಷ ಮಾಂಟ್ರಿಯಲ್‌ನಲ್ಲಿ ನಡೆದ ಮಾರಾಟ ಪ್ರದರ್ಶನದಲ್ಲಿ ಎಲ್ಲವೂ ಮೂರೇ ದಿನದಲ್ಲಿ ಖಾಲಿಯಾದವು. ಆಗ ಕೇಪ್ ಡಾರ್ಸೆಟ್ ಎನ್ನುತ್ತಿದ್ದ ಕಿಂಗೈಟ್ ಊರಲ್ಲಿ 1950ರ ದಶಕದ ಕೊನೆಗೆ ಮುದ್ರಣ ಚಿತ್ರಗಳ ಕೆಲಸ ಶುರುವಾಯಿತು. ಅಲ್ಲಿಯೂ ಸೀಲ್ ಇತ್ತು. ಆರಂಭದ ಚಿತ್ರಗಳಿಗೆ ಬಣ್ಣ ಹಾಕುವ ಅಚ್ಚನ್ನು ಸೀಲ್ ತೊಗಲಿನಿಂದಲೇ ಕತ್ತರಿಸುತ್ತಿದ್ದರು. ಮುಂದೆ ಇನುಯಿಟ್ ಕಲೆಯ ಅತಿ ದೊಡ್ಡ ಹೆಸರಾದ ಕೆನೊಜುವಾಕ್ ಅಶೆವಾಕ್ ಅವರ ಮೊದಲ ಮುದ್ರಣ ಚಿತ್ರ ಹುಟ್ಟಿದ್ದು ಅವರು ಸೀಲ್ ತೊಗಲಿನ ಚೀಲದ ಮೇಲೆ ಮಾಡಿದ್ದ ವಿನ್ಯಾಸದಿಂದ. ತೊಗಲು ಕತ್ತರಿಸಿ ಕೂಡಿಸುವ ಕೈಗೆ ಆಕಾರಗಳ ಲೆಕ್ಕ ಮೊದಲೇ ಗೊತ್ತಿತ್ತು. ಅವರ ಗೂಬೆ 1970ರಲ್ಲಿ ಕೆನಡಾದ ಅಂಚೆಚೀಟಿ ಏರಿತು.

ಬಿಳಿ ಮರಿ

ಮಂಜಿನ ಮೇಲಿನ ಹಾರ್ಪ್ ಸೀಲ್ ಬೇಟೆಯಲ್ಲಿ ನಿಜಕ್ಕೂ ತಪ್ಪುಗಳಿದ್ದವು. ಹಿಂದೆಮುಂದೆ ನೋಡದೆ ಕೊಂದು, 1970ರ ದಶಕದ ಆರಂಭಕ್ಕೆ ಅವುಗಳ ಸಂಖ್ಯೆ ಇಪ್ಪತ್ತು ಲಕ್ಷಕ್ಕಿಂತ ಕೆಳಗಿಳಿದಿತ್ತು. (ಮಿತಿ ಹಾಕಿದ ಮೇಲೆ ಅದು ಎರಡು ಪಟ್ಟಿಗೂ ಮೀರಿ ಬೆಳೆದಿದೆ.) 1964ರಲ್ಲಿ ಮ್ಯಾಗ್ಡಲೀನ್ ದ್ವೀಪಗಳ ಬೇಟೆಯ ಚಿತ್ರೀಕರಣ ಕೆನಡಾದ ಫ್ರೆಂಚ್ ಟಿವಿಯಲ್ಲಿ ಬಂತು. ಜೀವ ಇರುವಾಗಲೇ ಸುಲಿಯುವ ದೃಶ್ಯ ಅದರಲ್ಲಿತ್ತು. ಅದು ಕ್ಯಾಮೆರಾಕ್ಕೆಂದೇ ಮಾಡಿಸಿದ್ದು ಎಂಬ ಆರೋಪ ಆಮೇಲೆ ಬಂತು, ಆದರೆ ಅಷ್ಟರಲ್ಲಿ ಯುರೋಪ್ ನೋಡಿಯಾಗಿತ್ತು. ಪ್ರಾಣಿದಯಾ ಸಂಘಟನೆಗಳು ಹುಟ್ಟಿದವು, ಬೆಳೆದವು. ದೊಡ್ಡ ಕಪ್ಪು ಕಣ್ಣು, ಬಿಳಿ ತುಪ್ಪಳ, ಹುಟ್ಟಿ ಎರಡು ವಾರವೂ ಆಗದ ಮರಿ. ಇದಕ್ಕಿಂತ ಗಟ್ಟಿಯಾದ ಪೋಸ್ಟರ್ ಇನ್ನೊಂದಿಲ್ಲ. 1977ರ ಮಾರ್ಚಿನಲ್ಲಿ ಫ್ರೆಂಚ್ ನಟಿ ಬ್ರಿಜಿತ್ ಬಾರ್ದೋ ಬೇಟೆಯ ವಿರುದ್ಧ ದನಿ ಎತ್ತಲು ಕೆನಡಾಕ್ಕೇ ಬಂದರು, ಜಗತ್ತಿನ ಪತ್ರಿಕೆಗಳೆಲ್ಲ ಹಿಂದೆ ಬಂದವು. ಅದೇ ವರ್ಷ ಅಲಾಸ್ಕದಲ್ಲಿ ಬೇರೆ ಬೇರೆ ದೇಶಗಳ ಇನುಯಿಟ್ ಜನ ಮೊದಲ ಸಲ ಒಟ್ಟು ಸೇರಿ ತಮ್ಮದೇ ಮಂಡಳಿ ಕಟ್ಟಿದರು. ಅದನ್ನು ವರದಿ ಮಾಡಿದ ಪತ್ರಿಕೆಗಳು ಎಷ್ಟಿದ್ದಾವು, ಊಹಿಸಬಹುದು.

1983ರಲ್ಲಿ ಯುರೋಪಿಯನ್ ಸಮುದಾಯ ಮರಿಗಳ ತೊಗಲಿನ ಆಮದು ನಿಲ್ಲಿಸಿತು. ಕಾನೂನು ಓದಿದರೆ ಅಚ್ಚುಕಟ್ಟಾಗಿದೆ. ನಿಷೇಧ ಹಾರ್ಪ್ ಮತ್ತು ಹುಡೆಡ್ ಸೀಲ್ ಮರಿಗಳಿಗೆ ಮಾತ್ರ. ರಿಂಗ್ಡ್ ಸೀಲ್ ಪಟ್ಟಿಯಲ್ಲೇ ಇಲ್ಲ. ಸಾಲದ್ದಕ್ಕೆ ಇನುಯಿಟ್ ಜನರ ಸಾಂಪ್ರದಾಯಿಕ ಬೇಟೆಗೆ ಅನ್ವಯಿಸುವುದಿಲ್ಲ ಎಂದು ಬರೆದೇ ಇದೆ.

ಆದರೆ ಪ್ಯಾರಿಸ್ಸಿನಲ್ಲೋ ಹ್ಯಾಂಬರ್ಗಿನಲ್ಲೋ ಕೋಟು ಕೊಳ್ಳಲು ಬಂದವರು ಕಾನೂನಿನ ಪಟ್ಟಿ ಹಿಡಿದು ಬರಲಿಲ್ಲ. ಎಲ್ಲೋ ದೂರದ ಫಾರಂನಲ್ಲಿ ಹಕ್ಕಿಜ್ವರ ಬಂತು ಎಂದರೆ ನಮ್ಮೂರ ಸಂತೆಯ ನಾಟಿ ಕೋಳಿಯನ್ನೂ ಯಾರೂ ಮುಟ್ಟುವುದಿಲ್ಲವಲ್ಲ, ಹಾಗೇ ಆಯಿತು. ಸೀಲ್ ಎಂದರೆ ಸೀಲ್. ಅಂಗಡಿಗಳು ಮಾಲು ಇಳಿಸಿದವು, ಹರಾಜು ನಿಂತಿತು, ಉತ್ತರದ ಅಂಗಡಿಯಲ್ಲಿ ತೊಗಲಿನ ಬೆಲೆ ಪೆಟ್ರೋಲಿಗೂ ಸಾಲದಷ್ಟು ಇಳಿಯಿತು. ಕೆನಡಾ ಸರ್ಕಾರ 1984ರಲ್ಲಿ ನೇಮಿಸಿದ ರಾಯಲ್ ಕಮಿಷನ್, ಇನುಯಿಟ್ ಊರುಗಳಿಗೆ ಬಿದ್ದ ಏಟನ್ನು ಎರಡು ವರ್ಷದ ನಂತರ ದಾಖಲಿಸಿತು. 1987ರಲ್ಲಿ ಕೆನಡಾ ತಾನೇ ಬಿಳಿ ಮರಿಗಳ ವಾಣಿಜ್ಯ ಬೇಟೆ ನಿಲ್ಲಿಸಿತು. ಪೋಸ್ಟರಿನ ಮರಿ ಉಳಿಯಿತು. ಪೋಸ್ಟರ್ ಮಾತ್ರ ಇಂದಿಗೂ ಓಡಾಡುತ್ತಿದೆ.

ಆಮೇಲೆ ಊರುಗಳಲ್ಲಿ ಏನಾಯಿತು? ಬೇಟೆ ನಿಲ್ಲಲಿಲ್ಲ, ಕುಗ್ಗಿತು. ಸಂಬಳದ ಕೆಲಸ ಇದ್ದವರ ಕೈಲಿ ಪೆಟ್ರೋಲಿಗೆ ಕಾಸಿತ್ತು, ಬೇಟೆಗೆ ಬಿಡುವಿರಲಿಲ್ಲ. ಬೇಟೆ ಚೆನ್ನಾಗಿ ಗೊತ್ತಿದ್ದವರ ಕೈ ಖಾಲಿ. ಎಷ್ಟೋ ಮಂದಿಗೆ ಕಲ್ಲಿನ ಕೆತ್ತನೆ ಮಾರಿ ಪೆಟ್ರೋಲ್ ಹಾಕಿಸುವುದು ದಾರಿಯಾಯಿತು. ಗ್ರೀನ್‌ಲ್ಯಾಂಡಿನಲ್ಲಿ ಮಾತ್ರ ಸರ್ಕಾರವೇ ನಷ್ಟ ತುಂಬಿ ತೊಗಲು ಕೊಳ್ಳುತ್ತಾ ಹೋಯಿತು, ಕಕೊರ್ತೊಕ್ ಊರಿನ ಹದ ಮಾಡುವ ಕಾರ್ಖಾನೆ ಮುಚ್ಚಲಿಲ್ಲ. ಈ ವ್ಯತ್ಯಾಸ ಮುಂದೆ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪಿನಲ್ಲಿ ಲೆಕ್ಕಕ್ಕೆ ಬಂತು.

ಊಟದ ಮಾತೂ ಇದೆ. ನುನಾವುಟ್‌ನ ಯಾವ ಊರಿಗೂ ಹೊರಗಿನಿಂದ ರಸ್ತೆ ಇಲ್ಲ. ತರಕಾರಿ, ಹಾಲು ವಿಮಾನದಲ್ಲಿ ಬರಬೇಕು, ಬೆಲೆ ದಕ್ಷಿಣದ ಎರಡು ಮೂರು ಪಟ್ಟು. 2017–18ರ ಸಮೀಕ್ಷೆ ಪ್ರಕಾರ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಊಟ ಸಾಕಾಗುವ ಖಾತ್ರಿ ಇಲ್ಲ. ಕಬ್ಬಿಣದಂಶ ತುಂಬಿದ ಸೀಲ್ ಮಾಂಸ ಮಂಜಿನ ಕೆಳಗೇ ಈಜುತ್ತಿದೆ, ಅಲ್ಲಿಗೆ ಹೋಗಿಬರುವ ಖರ್ಚು ಗಿಟ್ಟುವುದಿಲ್ಲ.

2009ರ ನಂತರದ ಕೋರ್ಟು ಕಚೇರಿ

2009ರಲ್ಲಿ ಯುರೋಪಿಯನ್ ಒಕ್ಕೂಟ ನಿಷೇಧವನ್ನು ಎಲ್ಲ ಸೀಲ್ ವಸ್ತುಗಳಿಗೂ ಹಿಗ್ಗಿಸಿತು. ಈ ಸಲವೂ ಇನುಯಿಟ್ ವಿನಾಯಿತಿ ಇತ್ತು. ಈ ಸಲ ಅವರು ಅದನ್ನು ನಂಬಲಿಲ್ಲ. ಯುರೋಪಿನ ಸಂಸತ್ತು ಮತ ಹಾಕಿದ ಅದೇ ಮೇ ತಿಂಗಳಲ್ಲಿ ಕೆನಡಾದ ಗವರ್ನರ್ ಜನರಲ್ ಮಿಶೆಲ್ ಜೀನ್ ರ‍್ಯಾಂಕಿನ್ ಇನ್ಲೆಟ್ ಊರಲ್ಲಿ ಉಲು ಹಿಡಿದು ಸೀಲ್ ಕೊಯ್ದು, ಹಸಿ ಹೃದಯದ ತುಂಡು ತಿಂದರು. ಯುರೋಪಿನಲ್ಲಿ ಅಸಹ್ಯಪಟ್ಟರು, ನುನಾವುಟ್‌ನಲ್ಲಿ ಖುಷಿಪಟ್ಟರು.

ಇನುಯಿಟ್ ಸಂಘಟನೆಗಳು ಯುರೋಪಿನ ಕೋರ್ಟಿಗೆ ಹೋದವು. ಸಿಕ್ಕ ಉತ್ತರ ವಿಚಿತ್ರ. ಕಾನೂನು ಎಲ್ಲರಿಗೂ ಮಾಡಿದ್ದು, ನಿಮಗೆಂದೇ ಮಾಡಿದ್ದಲ್ಲ, ಹಾಗಾಗಿ ಪ್ರಶ್ನಿಸುವ ಹಕ್ಕು ನಿಮಗಿಲ್ಲ ಎಂಬರ್ಥದಲ್ಲಿ 2011ರಲ್ಲಿ ಮೊದಲ ಅರ್ಜಿಯನ್ನು ಬದಿಗಿಟ್ಟರು. 2013ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಕೆನಡಾ ಮತ್ತು ನಾರ್ವೆ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2014ರ ಮೇ ತಿಂಗಳ ತೀರ್ಪು ಎರಡು ಮಾತು ಹೇಳಿತು. ಜನರ ನೈತಿಕ ಭಾವನೆಗಾಗಿ ಯುರೋಪ್ ನಿಷೇಧ ಹಾಕಬಹುದು. ಆದರೆ ವಿನಾಯಿತಿ ಜಾರಿಯಾದ ರೀತಿ ಸರಿಯಿಲ್ಲ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನರಿಗೆ ಅದು ಸಿಗುತ್ತಿದೆ, ಕೆನಡಾದ ಇನುಯಿಟ್ ಜನರಿಗೆ ಸಿಗುತ್ತಿಲ್ಲ. ವಿನಾಯಿತಿ ಪಡೆಯಲು ಪ್ರಮಾಣಪತ್ರ ಕೊಡುವ ಮಾನ್ಯ ಸಂಸ್ಥೆ ಬೇಕು, ಆ ವ್ಯವಸ್ಥೆ ಕೆನಡಾದ ಕಡೆ ಇರಲಿಲ್ಲ. 2015ರಲ್ಲಿ ಯುರೋಪ್ ನಿಯಮ ತಿದ್ದಿತು, ನುನಾವುಟ್ ಸರ್ಕಾರಕ್ಕೆ ಪ್ರಮಾಣಪತ್ರ ಕೊಡುವ ಮಾನ್ಯತೆ ಬಂತು. ಮೊದಲ ನಿಷೇಧ ಬಂದು ಅಷ್ಟರಲ್ಲಿ ಮೂವತ್ತೆರಡು ವರ್ಷ.

ಈ ನಡುವೆ ಮಾತಿನ ದಿಕ್ಕೂ ಸ್ವಲ್ಪ ತಿರುಗಿತ್ತು. 2014ರ ಆಸ್ಕರ್ ಸಮಾರಂಭದ ಪ್ರಸಿದ್ಧ ಸೆಲ್ಫಿಯ ನೆಪದಲ್ಲಿ ಸೀಲ್ ಬೇಟೆ ವಿರೋಧಿಸುವ ಸಂಘಟನೆಯೊಂದಕ್ಕೆ ದೇಣಿಗೆ ಹೋಯಿತು. ಉತ್ತರವಾಗಿ ಇನುಯಿಟ್ ಯುವಜನ ಸೀಲ್ ತೊಗಲು ತೊಟ್ಟು ‘ಸೀಲ್ಫಿ’ ತೆಗೆದು ಹಾಕತೊಡಗಿದರು. ಗಾಯಕಿ ಟಾನ್ಯಾ ಟಗಾಕ್ ತಮ್ಮ ಮಗು ಸೀಲ್ ಪಕ್ಕ ಮಲಗಿರುವ ಫೋಟೊ ಹಾಕಿ ಬೆದರಿಕೆಯನ್ನೂ ಬೈಗುಳವನ್ನೂ ಬೇಕಾದಷ್ಟು ತಿಂದರು. ಅದೇ ವರ್ಷ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ಕೆನಡಾ ಘಟಕ, ತನ್ನ ಹಳೆಯ ಹೋರಾಟದಿಂದ ಇನುಯಿಟ್ ಜನರಿಗಾದ ಹಾನಿಗೆ ಬಹಿರಂಗವಾಗಿ ಕ್ಷಮೆ ಕೇಳಿತು. ಕೇಳಿದ್ದು ಒಳ್ಳೆಯದೇ. ತೊಗಲಿನ ಬೆಲೆ ಮೇಲೇಳಲಿಲ್ಲ ಅಷ್ಟೆ.

ನಿಷೇಧಗಳೂ ನಿಲ್ಲಲಿಲ್ಲ. ರಷ್ಯಾ 2011ರಲ್ಲಿ ಹಾರ್ಪ್ ಸೀಲ್ ತೊಗಲಿಗೆ ಬಾಗಿಲು ಮುಚ್ಚಿತು, ತೈವಾನ್ 2013ರಲ್ಲಿ. ಭಾರತವೂ 2018ರಲ್ಲಿ ಸೀಲ್ ತೊಗಲಿನ ಆಮದು ನಿಷೇಧಿಸಿತು. ನಮ್ಮಲ್ಲಿ ಅದನ್ನು ಕೊಳ್ಳುವವರು ಮೊದಲೇ ಕಮ್ಮಿ, ಆದ್ದರಿಂದ ಯಾರಿಗೂ ಅದರ ಬಿಸಿ ತಟ್ಟಲಿಲ್ಲ, ಸುದ್ದಿಯೂ ಒಂದು ದಿನಕ್ಕೆ ಮುಗಿಯಿತು.

ಈಗಿನ ಸ್ಥಿತಿ ಹೀಗಿದೆ. ನುನಾವುಟ್ ಸರ್ಕಾರ ಬೇಟೆಗಾರರಿಂದ ತೊಗಲು ಕೊಂಡು, ಹದ ಮಾಡಿಸಿ, ಸ್ವಲ್ಪವನ್ನು ಊರಿನ ಹೊಲಿಗೆಯವರಿಗೇ ಮಾರುತ್ತದೆ. ಇಕಾಲುವಿಟ್‌ನ ಕಾಲೇಜಿನಲ್ಲಿ ತುಪ್ಪಳದ ವಿನ್ಯಾಸ ಕಲಿಸುತ್ತಾರೆ. ಅಲ್ಲಿ ಕಲಿತ ಹೆಣ್ಣುಮಕ್ಕಳು ಕೈಗವಸು, ಕೋಟು, ಕಿವಿಯೋಲೆ ಮಾಡಿ ಮಾರುತ್ತಿದ್ದಾರೆ. ಹೆಚ್ಚಿನ ಗಿರಾಕಿಗಳು ಕೆನಡಾದವರೇ. ಕಚ್ಚಾ ತೊಗಲನ್ನು ಹರಾಜಿಗೆ ಕಳಿಸಿ ಕಾಯುವುದಕ್ಕಿಂತ ಇದು ವಾಸಿ ಅನ್ನಿಸುತ್ತದೆ. ಆದರೆ ಮಂಜು ತಡವಾಗಿ ಕಟ್ಟುತ್ತಿದೆ, ಬೇಗ ಕರಗುತ್ತಿದೆ. ಬೇಟೆಯ ದಾರಿಗಳು ಅಪಾಯವಾಗುತ್ತಿವೆ. ರಿಂಗ್ಡ್ ಸೀಲ್ ಮರಿ ಹಾಕುವುದೇ ಮಂಜಿನ ಮೇಲಿನ ಹಿಮದ ಗೂಡಿನಲ್ಲಿ. ಮಂಜು ಹೋಗುತ್ತಿದೆ ಎಂಬ ಕಾರಣಕ್ಕೇ ಅಮೆರಿಕ ಅದನ್ನು 2012ರಲ್ಲಿ ಅಪಾಯದ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಆ ಮಂಜು ಕರಗಿಸುತ್ತಿರುವುದು ಇನುಯಿಟ್ ಈಟಿಯಂತೂ ಅಲ್ಲ.

2024ರಲ್ಲಿ ಯುರೋಪಿಯನ್ ಕಮಿಷನ್ ತನ್ನ ಸೀಲ್ ಕಾನೂನು ಕೆಲಸ ಮಾಡುತ್ತಿದೆಯೇ ಎಂದು ಮರುಪರಿಶೀಲನೆ ಆರಂಭಿಸಿ ಜನರ ಅಭಿಪ್ರಾಯ ಕೇಳಿತು. ಅಮೆರಿಕದ ಕಡಲ ಸಸ್ತನಿ ಸಂರಕ್ಷಣಾ ಕಾನೂನಿನ ನಿಷೇಧ ಮಾತ್ರ 1972ರಿಂದ ಹಾಗೇ ಇದೆ. ಅದರಲ್ಲಿ ಅಲಾಸ್ಕದ ಮೂಲನಿವಾಸಿಗಳಿಗೆ ಅವಕಾಶ ಇದೆ, ಕೆನಡಾದ ಇನುಯಿಟ್ ಕುಶಲಕರ್ಮಿ ತಾನು ಹೊಲಿದ ಕಮಿಕ್ಕನ್ನು ಅಲ್ಲಿಗೆ ಕಳಿಸಿ ಮಾರುವುದಕ್ಕೆ ಇಲ್ಲ.